ಅಂಗಡಿಯಲ್ಲಿ ಸಾಮಾನು ಕೊಂಡವರು ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರಾಹಕರ ಕಾಯ್ದೆ ಒಂದಿಷ್ಟು ಬಲ್ಲವನು ಅಂತ ಹೆಸರಾದರೆ ಸಾಕು, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರೂ ಜೇಬಿನಿಂದ ಬಿಲ್ ತೆಗೆದು ತೋರಿಸುತ್ತಾರೆ. ಹಾಗೆ ಎದುರಾದ ಪ್ರಶ್ನೆಗಳು, ಪತ್ರದಲ್ಲಿ ಬಂದವು, ಫೋನಿನಲ್ಲಿ ಬಂದವು ಎಲ್ಲವನ್ನೂ ಕೇಳಿದವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಸುಲಭದ್ದು ಮೊದಲು, ತೊಡಕಿನದು ಆಮೇಲೆ. ಪೂರ್ತಿ ಓದಲು ಪುರುಸೊತ್ತಿಲ್ಲದವರು ತಮ್ಮ ಪ್ರಶ್ನೆಗೆ ನೇರವಾಗಿ ಹೋಗಬಹುದು. ‘ಕಾಯ್ದೆ’ ಎಂದು ಬಂದಲ್ಲೆಲ್ಲ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಎಂದು ತಿಳಿಯಿರಿ. 1986ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ ಇದು 2020ರ ಜುಲೈಯಿಂದ ಜಾರಿಯಲ್ಲಿದೆ.

## ಬಿಲ್ಲು, ಬೆಲೆ, ಚಿಲ್ಲರೆ

ಬಿಲ್ ಬೇಡ ಅಂದ್ರೆ ನೂರಿನ್ನೂರು ಕಮ್ಮಿ ಮಾಡ್ತೀನಿ ಅಂತಾರೆ. ಒಪ್ಪಿಕೊಂಡ್ರೆ ಏನು ನಷ್ಟ?

ಸಾಮಾನು ಸರಿಯಾಗಿದ್ದರೆ ಏನೂ ನಷ್ಟವಿಲ್ಲ, ಅದಕ್ಕೇ ಜನ ಒಪ್ಪುತ್ತಾರೆ. ಕೆಟ್ಟ ದಿನ ಮಾತ್ರ ಅಂಗಡಿಯವರು “ಇದು ನಮ್ಮಲ್ಲಿ ತಗೊಂಡಿದ್ದೇ ಅಲ್ಲ” ಅಂದುಬಿಟ್ಟರೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಕಂಪನಿಯೂ ವಾರಂಟಿ ಎಣಿಸುವುದು ಬಿಲ್ಲಿನ ತಾರೀಖಿನಿಂದ. ಬಿಲ್ ಕೊಡದಿರುವುದನ್ನೇ ಕಾಯ್ದೆ ‘ಅನುಚಿತ ವ್ಯಾಪಾರ ಪದ್ಧತಿ’ಗಳ ಪಟ್ಟಿಗೆ ಸೇರಿಸಿದೆ.

‘ಎಸ್ಟಿಮೇಟ್’ ಅಂತ ಬರೆದ ಬಿಳಿ ಚೀಟಿಯ ಮೇಲೂ ಒಂದು ಕಣ್ಣಿರಲಿ. ಅಂಗಡಿಯ ಹೆಸರು, ಕ್ರಮಸಂಖ್ಯೆ, (ಜಿಎಸ್‌ಟಿ ನೋಂದಣಿ ಇರುವ ಅಂಗಡಿಯಾದರೆ) ಜಿಎಸ್‌ಟಿ ನಂಬರ್ ಇಲ್ಲದ ಚೀಟಿ ಬಿಲ್ ಅಲ್ಲ. ಕರ್ನಾಟಕದಲ್ಲಿ ನೋಂದಣಿಯಾದ ಅಂಗಡಿಯ ಜಿಎಸ್‌ಟಿ ನಂಬರ್ 29ರಿಂದ ಶುರುವಾಗುತ್ತದೆ, ಒಟ್ಟು 15 ಅಕ್ಷರ. 200 ರೂಪಾಯಿಗಿಂತ ಕಡಿಮೆ ವ್ಯಾಪಾರಕ್ಕೆ, ಗಿರಾಕಿ ಕೇಳದಿದ್ದರೆ, ತೆರಿಗೆ ಬಿಲ್ ಕೊಡಲೇಬೇಕೆಂದಿಲ್ಲ. ಕೇಳಿದರೆ ಕೊಡಬೇಕು. ‘ಕಾಂಪೊಸಿಷನ್’ ಪದ್ಧತಿಯಲ್ಲಿರುವ (ಒಟ್ಟು ವಹಿವಾಟಿನ ಮೇಲೆ ಸಣ್ಣ ತೆರಿಗೆಯನ್ನು ತಾವೇ ಕಟ್ಟುವ) ಸಣ್ಣ ಅಂಗಡಿಗಳು ಬಿಲ್ ಕೊಡಬಹುದು, ಆದರೆ ಅದರಲ್ಲಿ ಜಿಎಸ್‌ಟಿ ಅಂತ ಬೇರೆ ಹಾಕಿ ಗಿರಾಕಿಯಿಂದ ವಸೂಲು ಮಾಡುವಂತಿಲ್ಲ.

ಬಿಲ್ ಕಳೆದುಹೋಗಿದೆ. ಫೋನ್‌ಪೇ ಮಾಡಿದ್ದು ತೋರಿಸಿದ್ರೆ ಆಗಲ್ವಾ?

ಅರ್ಧ ಆಗುತ್ತದೆ. ಯುಪಿಐ ಸಂದೇಶ ನೀವು ಆ ಅಂಗಡಿಗೆ ಇಂಥ ದಿನ ಇಷ್ಟು ಹಣ ಕೊಟ್ಟದ್ದನ್ನು ಹೇಳುತ್ತದೆ, ಏನು ಕೊಂಡಿರಿ ಎನ್ನುವುದನ್ನಲ್ಲ. ಕಂಪ್ಯೂಟರ್ ಬಿಲ್ಲಿಂಗ್ ಇರುವ ಕಡೆ ದಿನಾಂಕ, ಮೊತ್ತ ಹೇಳಿ ನಕಲು ಕೇಳಿ. ಅವರು ಕೊಡದಿದ್ದರೆ ವಾರಂಟಿ ಕಾರ್ಡಿನ ಮೇಲಿನ ಅಂಗಡಿ ಮೊಹರು, ಡಬ್ಬಿಯ ಮೇಲಿನ ಸೀರಿಯಲ್ ನಂಬರ್, ಡೆಲಿವರಿ ಚೀಟಿ ಎಲ್ಲ ಸೇರಿ ಸಾಕ್ಷ್ಯವಾಗುತ್ತವೆ. ಬಿಸಿಗೆ ಅಚ್ಚಾಗುವ ಕಾಗದದ ಬಿಲ್ಲಿನಲ್ಲಿ ಆರು ತಿಂಗಳಿಗೆ ಅಕ್ಷರವೇ ಮಾಯ. ಅಂಗಡಿ ಬಿಡುವ ಮೊದಲೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಹಾಲಿನ ಪ್ಯಾಕೆಟ್, ಜ್ಯೂಸ್ ಬಾಟಲಿಗೆ ‘ಕೂಲಿಂಗ್ ಚಾರ್ಜ್’ ಅಂತ ಒಂದೆರಡು ರೂಪಾಯಿ ಜಾಸ್ತಿ ತಗೊಳ್ತಾರೆ. ಸರೀನಾ?

ಸರಿಯಲ್ಲ. ಪೊಟ್ಟಣದ ಮೇಲಿನ ಎಂಆರ್‌ಪಿ ಎಲ್ಲ ತೆರಿಗೆಯನ್ನೂ ಒಳಗೊಂಡ ಗರಿಷ್ಠ ಬೆಲೆ. ತಣ್ಣಗೆ ಇಟ್ಟಿದ್ದಕ್ಕೆ, ಬಸ್ ಸ್ಟ್ಯಾಂಡಿನಲ್ಲಿ ಬಾಡಿಗೆ ಜಾಸ್ತಿ ಅನ್ನುವುದಕ್ಕೆ, ಅದರ ಮೇಲೆ ಪೈಸೆಯೂ ಸೇರಿಸುವಂತಿಲ್ಲ. 2011ರ ಪೊಟ್ಟಣ ಸಾಮಗ್ರಿಗಳ ನಿಯಮ ಹೇಳುವುದು ಇದನ್ನೇ. ಮಾಲ್‌ಗೆ ಒಂದು, ಕಿರಾಣಿ ಅಂಗಡಿಗೆ ಒಂದು ಅಂತ ಒಂದೇ ಸಾಮಾನಿಗೆ ಎರಡು ಎಂಆರ್‌ಪಿ ಅಚ್ಚು ಹಾಕುವುದಕ್ಕೂ 2018ರ ಜನವರಿಯಿಂದ ತಡೆ ಇದೆ. ರಿಯಾಯಿತಿ ಕೊಟ್ಟ ಬೆಲೆಯ ಮೇಲೆ ಮತ್ತೆ ತೆರಿಗೆ ಸೇರಿಸಿದ ಬಟ್ಟೆ ಅಂಗಡಿಯ ಪ್ರಕರಣದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ (ಜನ ‘ಕನ್ಸ್ಯೂಮರ್ ಕೋರ್ಟ್’ ಅನ್ನುವುದು ಈ ಗ್ರಾಹಕ ಆಯೋಗಗಳನ್ನೇ) 2017ರಲ್ಲೇ ಅದು ಅನುಚಿತ ಪದ್ಧತಿ ಎಂದಿದೆ.

ಒಂದು ವಿಷಯ ಯಾರೂ ಹೇಳುವುದಿಲ್ಲ. ಎಂಆರ್‌ಪಿ ಮೀರಿದ್ದಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ (ಜನ ಇವತ್ತಿಗೂ ‘ತೂಕ ಮತ್ತು ಅಳತೆ’ಯವರು ಅಂತಲೇ ಕರೆಯುತ್ತಾರೆ) ದೂರು ಕೊಟ್ಟರೆ ಅಂಗಡಿಗೆ ದಂಡ ಬೀಳುತ್ತದೆ, ಆ ದಂಡ ಸರ್ಕಾರಕ್ಕೆ ಹೋಗುತ್ತದೆ. ನಿಮ್ಮ ಎರಡು ರೂಪಾಯಿ ವಾಪಸ್ ಬರಬೇಕೆಂದರೆ ಸಹಾಯವಾಣಿ ಅಥವಾ ಗ್ರಾಹಕ ಆಯೋಗದ ದಾರಿ ಬೇರೆ. ಎರಡು ರೂಪಾಯಿಗೆ ಆಯೋಗದ ಮೆಟ್ಟಿಲು ಹತ್ತಿ ಅಂತ ನಾನು ಹೇಳುವುದಿಲ್ಲ. ಇಲಾಖೆಗೊಂದು ದೂರು ಮಾತ್ರ ಹಾಕಿ, ಬೀದಿಯ ಅಷ್ಟೂ ಅಂಗಡಿಗಳು ಸರಿಹೋಗುತ್ತವೆ.

ಹೋಟೆಲಲ್ಲಿ 20 ರೂಪಾಯಿ ನೀರಿನ ಬಾಟಲಿಗೆ 60 ಹಾಕಿದ್ದಾರೆ. ಅದಕ್ಕೂ ಎಂಆರ್‌ಪಿ ಇಲ್ವಾ?

ಕೂತು ತಿನ್ನುವ ಹೋಟೆಲಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ನೀವು ಬಾಟಲಿ ಮಾತ್ರ ಕೊಳ್ಳುತ್ತಿಲ್ಲ, ಜಾಗ ಮತ್ತು ಸೇವೆಯನ್ನೂ ಪಡೆಯುತ್ತೀರಿ, ಹಾಗಾಗಿ ಎಂಆರ್‌ಪಿ ಮೀರಿ ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಹೇಳಿದೆ. ಅದೇ ಹೋಟೆಲಿನ ಪಕ್ಕದ ಬೇಕರಿ ಕೌಂಟರಿನಿಂದ ಬಾಟಲಿ ತೆಗೆದುಕೊಂಡು ಹೊರಟರೆ ಅದು ಅಂಗಡಿ ವ್ಯಾಪಾರ, ಎಂಆರ್‌ಪಿಯೇ ಬೆಲೆ.

ಚಿಲ್ಲರೆ ಇಲ್ಲ ಅಂತ ಚಾಕಲೇಟ್ ಕೊಡ್ತಾರೆ, ನಾವು 10 ರೂಪಾಯಿ ಕಾಯಿನ್ ಕೊಟ್ರೆ ‘ನಡೆಯಲ್ಲ’ ಅಂತಾರೆ.

ಚಾಕಲೇಟ್ ಬೇಡ ಅನ್ನುವ ಹಕ್ಕು ನಿಮ್ಮದು. 10 ರೂಪಾಯಿ ನಾಣ್ಯ ನಡೆಯುತ್ತದೆ, ಎಲ್ಲ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಸ್ಪಷ್ಟಪಡಿಸಿದೆ. ರೂಪಾಯಿ ಚಿಹ್ನೆ ಇದ್ದದ್ದು ಅಸಲಿ, ಇಲ್ಲದ್ದು ನಕಲಿ ಅನ್ನುವುದು ಸಂತೆಯ ಗಾಳಿಮಾತು.

ಬಿಲ್ ಹಾಕಬೇಕಾದ್ರೆ ಫೋನ್ ನಂಬರ್ ಕೊಡಲೇಬೇಕಾ? ಕೈಚೀಲಕ್ಕೂ ದುಡ್ಡು ಹಾಕ್ತಾರಲ್ಲ?

ನಂಬರ್ ಕೊಡಲೇಬೇಕಿಲ್ಲ. ನಂಬರ್ ಕೊಡದ ಗಿರಾಕಿಗೆ ಸಾಮಾನು ನಿರಾಕರಿಸಬಾರದು ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಚಿಲ್ಲರೆ ವ್ಯಾಪಾರಿಗಳಿಗೆ ಸೂಚಿಸಿದೆ. “ಸಿಸ್ಟಮ್ ತಗೊಳ್ಳಲ್ಲ ಸರ್” ಅಂದರೆ, “ಮ್ಯಾನೇಜರ್ ಕರೀರಿ” ಅನ್ನಿ. ಬಹಳ ಸಲ ಸಿಸ್ಟಮ್ ತಗೊಳ್ಳುತ್ತದೆ.

ಚೀಲಕ್ಕೆ ದುಡ್ಡು ಕೇಳುವುದೇ ತಪ್ಪಲ್ಲ. ಒಳಗೆ ಬರುವಾಗಲೇ ಬೋರ್ಡಿನಲ್ಲಿ ಹೇಳದೆ, ಸಾಮಾನೆಲ್ಲ ಕೌಂಟರಿಗೆ ಬಂದ ಮೇಲೆ ಬಿಲ್ಲಿಗೆ ಸೇರಿಸುವುದು ತಪ್ಪು. ದೊಡ್ಡ ಮಳಿಗೆ ಸರಣಿಯೊಂದರ ಪ್ರಕರಣದಲ್ಲಿ ರಾಷ್ಟ್ರೀಯ ಆಯೋಗ 2020ರ ಡಿಸೆಂಬರ್‌ನಲ್ಲಿ ಹೀಗೆ ತೀರ್ಪು ಕೊಟ್ಟಿತು.

## ತೂಕ, ಲೇಬಲ್, ಬಂಗಾರ

ಸ್ವೀಟ್ ಅಂಗಡಿಯಲ್ಲಿ ಡಬ್ಬಿ ಸಮೇತ ತೂಗ್ತಾರೆ. ಕೇಳಿದ್ರೆ ‘ಎಲ್ಲ ಕಡೆ ಹೀಗೇ’ ಅಂತಾರೆ.

ಲೆಕ್ಕ ಹಾಕೋಣ. ಒಂದು ಕೆ.ಜಿ.ಯ ರಟ್ಟಿನ ಡಬ್ಬಿ 100 ಗ್ರಾಂ ತೂಗುತ್ತದೆ ಎನ್ನಿ. ಕೆ.ಜಿ.ಗೆ 800 ರೂಪಾಯಿಯ ತುಪ್ಪದ ಮೈಸೂರು ಪಾಕು ಕೊಂಡರೆ 80 ರೂಪಾಯಿ ರಟ್ಟಿಗೆ ಹೋಯಿತು. ದೀಪಾವಳಿಗೆ ಹತ್ತು ಡಬ್ಬಿ ಕೊಂಡವರ ಒಂದು ಕೆ.ಜಿ. ಸಿಹಿ ಅಂಗಡಿಯಲ್ಲೇ ಉಳಿಯಿತು. ನೀವು ಹಣ ಕೊಡುವುದು ನಿವ್ವಳ ತೂಕಕ್ಕೆ, ಡಬ್ಬಿ ಸೇರಿಸಿ ತೂಗುವುದು ಕಾನೂನು ಮಾಪನಶಾಸ್ತ್ರ ನಿಯಮಕ್ಕೆ ವಿರುದ್ಧ.

ಜಗಳ ಬೇಕಿಲ್ಲ. ಖಾಲಿ ಡಬ್ಬಿ ತಕ್ಕಡಿ ಮೇಲೆ ಇಟ್ಟಾಗ “ಟೇರ್ ಒತ್ತಿ” ಅನ್ನಿ. ಅಂಕಿ ಸೊನ್ನೆಗೆ ಬರುತ್ತದೆ, ಆಮೇಲೆ ತುಂಬಲಿ. ತಕ್ಕಡಿಯ ಪರದೆ ನಿಮ್ಮ ಕಡೆಗೂ ಕಾಣುವಂತಿರಬೇಕು. ಅದರ ಮೇಲೆ ಇಲಾಖೆಯ ಮುದ್ರೆ ಇದೆಯೇ ನೋಡಿ: ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷಕ್ಕೊಮ್ಮೆ ಪರಿಶೀಲನೆಗೆ ಕೊಟ್ಟು ಮುದ್ರೆ ಹಾಕಿಸಿಕೊಳ್ಳಬೇಕು, ಆ ಪ್ರಮಾಣಪತ್ರ ಅಂಗಡಿಯಲ್ಲಿ ಕಾಣುವಂತೆ ತೂಗುಹಾಕಿರಬೇಕು. ಅಂದಹಾಗೆ, ಬಿಡಿಯಾಗಿ ಮಾರುವ ಸಿಹಿತಿಂಡಿಯ ತಟ್ಟೆಯ ಮುಂದೆ ‘ಇಷ್ಟು ದಿನದೊಳಗೆ ತಿಂದರೆ ಉತ್ತಮ’ ಎಂಬ ತಾರೀಖು ಹಾಕುವುದೂ 2020ರ ಅಕ್ಟೋಬರ್‌ನಿಂದ ಕಡ್ಡಾಯ. ಅದನ್ನು ಕೇಳುವ ಗಿರಾಕಿಯನ್ನು ನಾನು ಕಂಡಿದ್ದು ಕಡಿಮೆ.

ಪ್ಯಾಕೆಟ್ ಮೇಲೆ ಏನೇನು ಇರಲೇಬೇಕು? ಎಲ್ಲ ಇಂಗ್ಲಿಷ್‌ನಲ್ಲೇ ಇರುತ್ತಲ್ಲ, ಕನ್ನಡ ಯಾಕಿಲ್ಲ?

ತಯಾರಿಸಿದವರ ಅಥವಾ ಪ್ಯಾಕ್ ಮಾಡಿದವರ ಹೆಸರು, ವಿಳಾಸ; ಸಾಮಾನಿನ ಹೆಸರು; ನಿವ್ವಳ ತೂಕ ಇಲ್ಲವೇ ಸಂಖ್ಯೆ; ತಯಾರಾದ ತಿಂಗಳು, ವರ್ಷ; ಎಂಆರ್‌ಪಿ; ಗ್ರಾಂಗೋ ಮಿಲಿಲೀಟರಿಗೋ ಬೀಳುವ ಬಿಡಿ ಬೆಲೆ; ದೂರು ಹೇಳಲು ಫೋನ್ ಅಥವಾ ಇಮೇಲ್. ಹೊರದೇಶದ್ದಾದರೆ ಯಾವ ದೇಶದ್ದು, ಆಮದು ಮಾಡಿದವರು ಯಾರು ಎಂಬುದೂ ಇರಬೇಕು. ಆಹಾರವಾದರೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಕೊಟ್ಟ 14 ಅಂಕಿಯ ಲೈಸೆನ್ಸ್ ನಂಬರ್. ಇವುಗಳಲ್ಲಿ ಬಿಡಿ ಬೆಲೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ‘ಅದೇ ಬೆಲೆ’ ಅಂತ ಹೇಳಿ ಬಿಸ್ಕತ್ ಪ್ಯಾಕಿನಲ್ಲಿ ಗ್ರಾಂ ಇಳಿಸಿದ್ದು ಅಲ್ಲಿ ಸಿಕ್ಕಿಬೀಳುತ್ತದೆ.

ಭಾಷೆಯ ವಿಷಯದಲ್ಲಿ ನಿಯಮ ನಮ್ಮ ಪರವಾಗಿಲ್ಲ. ಈ ವಿವರಗಳು ಇಂಗ್ಲಿಷ್ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು, ಬೇರೆ ಭಾಷೆ ಜೊತೆಗೆ ಹಾಕಿಕೊಳ್ಳಬಹುದು ಎಂದಷ್ಟೇ ಕೇಂದ್ರದ ನಿಯಮದಲ್ಲಿದೆ. ಔಷಧಿ ಸಿಂಪಡಿಸುವ ರೈತ, ಮಗುವಿಗೆ ಪುಡಿ ಹಾಲು ಕಲಸುವ ತಾಯಿ ಓದಲಾಗದ ಲೇಬಲ್‌ನಿಂದ ಮಾಹಿತಿಯ ಹಕ್ಕು ಹೇಗೆ ಪೂರೈಸೀತು ಅನ್ನುವುದನ್ನು ನಿಯಮ ಬರೆದವರೇ ಹೇಳಬೇಕು.

ತಾರೀಖು ಮುಗಿದ ಬ್ರೆಡ್ ಕೊಟ್ಟಿದ್ದಾರೆ. ಬದಲಾಯಿಸಿಕೊಂಡ್ರೆ ಸಾಕಾ?

ಮೊದಲು ಯಾವ ತಾರೀಖು ಅಂತ ನೋಡಿ. ‘ಬೆಸ್ಟ್ ಬಿಫೋರ್’ ದಾಟಿದರೆ ರುಚಿ, ಗುಣ ಕಡಿಮೆಯಾಗಿರಬಹುದು. ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ದಾಟಿದ್ದನ್ನು ಮಾರುವಂತೆಯೇ ಇಲ್ಲ. ಒಂದು ಪ್ಯಾಕೆಟ್ ಕಣ್ತಪ್ಪಿ ಉಳಿದಿದ್ದರೆ ಬದಲಾಯಿಸಿಕೊಂಡು ಮುಗಿಸಬಹುದು. ಕಪಾಟಿನ ತುಂಬ ಅದೇ ಇದ್ದರೆ, ತಾರೀಖನ್ನು ಉಜ್ಜಿ ಅಳಿಸಿದ್ದರೆ, ಫೋಟೊ ಮತ್ತು ಬಿಲ್ ಸಮೇತ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ.

ಬಂಗಾರದಂಗಡಿಯಲ್ಲಿ ‘916’ ಅಂತಾರೆ. ಅದನ್ನ ನಂಬೋದು ಹೇಗೆ?

ಅಂಗಡಿಯವರ ಬಾಯಿಮಾತು ಬೇಡ, ಒಡವೆಯ ಮೇಲೆ ಮೂರು ಗುರುತು ಹುಡುಕಿ: ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ತ್ರಿಕೋನ ಚಿಹ್ನೆ, ಶುದ್ಧತೆ (22 ಕ್ಯಾರೆಟ್ಟಿಗೆ 22ಕೆ916), ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ (ಒಂದೊಂದು ಒಡವೆಗೂ ಬೇರೆಯೇ ಇರುವ ಗುರುತಿನ ಸಂಖ್ಯೆ). ಕಣ್ಣಿಗೆ ಕಾಣದಷ್ಟು ಚಿಕ್ಕದು, ಭೂತಗನ್ನಡಿ ಕೇಳಿ ತೆಗೆದುಕೊಳ್ಳಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಆರು ಅಕ್ಷರ ಹಾಕಿದರೆ ಯಾವ ಬಗೆಯ ಒಡವೆ, ಶುದ್ಧತೆ ಎಷ್ಟು, ಎಲ್ಲಿ ಹಾಲ್‌ಮಾರ್ಕ್ ಆಯಿತು ಎಂಬುದು ಬರುತ್ತದೆ. ಕೈಯಲ್ಲಿ ಬಳೆ ಇದ್ದು ಆ್ಯಪ್‌ನಲ್ಲಿ ಉಂಗುರ ಅಂತ ಬಂದರೆ ಅಲ್ಲೇ ನಿಲ್ಲಿಸಿ. ಹಾಲ್‌ಮಾರ್ಕ್ ಕಡ್ಡಾಯವಾಗಿರುವ ಜಿಲ್ಲೆಗಳಲ್ಲಿ ಎಚ್‌ಯುಐಡಿ ಇಲ್ಲದ ಒಡವೆ ಮಾರುವುದು 2023ರ ಏಪ್ರಿಲ್ 1ರಿಂದ ನಿಂತಿದೆ. ಎರಡು ಗ್ರಾಂಗಿಂತ ಕಡಿಮೆಯವಕ್ಕೆ ವಿನಾಯಿತಿ ಉಂಟು.

ಬಿಲ್ಲಿನಲ್ಲಿ ಬಂಗಾರದ ನಿವ್ವಳ ತೂಕ, ಹರಳಿನ ತೂಕ, ಶುದ್ಧತೆ, ಆ ದಿನದ ದರ, ಮಜೂರಿ, ಹಾಲ್‌ಮಾರ್ಕ್ ಶುಲ್ಕ ಬೇರೆ ಬೇರೆ ಬರೆಸಿ. ಹರಳಿನ ತೂಕವನ್ನು ಬಂಗಾರದ ದರದಲ್ಲಿ ಕಟ್ಟುವುದು ಎಲ್ಲಕ್ಕಿಂತ ದುಬಾರಿ ಮರೆವು. ‘ವೇಸ್ಟೇಜ್’ ಶೇಕಡ ಎಷ್ಟೆಂದು ಯಾವ ಕಾನೂನೂ ನಿಗದಿ ಮಾಡಿಲ್ಲ, ಚೌಕಾಸಿ ಮಾಡಿ. ಹಾಲ್‌ಮಾರ್ಕ್ ಇರುವ ಒಡವೆ ಪರೀಕ್ಷೆಯಲ್ಲಿ ಹೇಳಿದಷ್ಟು ಶುದ್ಧವಲ್ಲ ಎಂದು ಗೊತ್ತಾದರೆ, 2018ರ ಬಿಐಎಸ್ ನಿಯಮದಂತೆ ಆ ತೂಕಕ್ಕೆ ಕೊರತೆಯಾದ ಶುದ್ಧತೆಯ ಮೊತ್ತದ ಎರಡರಷ್ಟು ಮತ್ತು ಪರೀಕ್ಷೆಯ ಖರ್ಚು ನಿಮಗೆ ಬರಬೇಕು.

ರೇಷ್ಮೆ ಅಂತ ಕೊಟ್ಟ ಸೀರೆ ಪಾಲಿಯೆಸ್ಟರ್ ಅನ್ನಿಸ್ತಿದೆ.

ಬಿಲ್ಲಿನಲ್ಲಿ ‘ಪ್ಯೂರ್ ಸಿಲ್ಕ್’ ಅಂತ ಇದ್ದರೆ ಗೆಲುವು ಅರ್ಧ ನಿಮ್ಮದೇ. ಬರೀ ‘ಸೀರೆ – 1’ ಅಂತ ಇದ್ದರೆ ಕಷ್ಟ. ಆದ್ದರಿಂದ ಕೊಳ್ಳುವಾಗಲೇ ಬರೆಸಿ, ಇಲ್ಲವೇ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದ ಸಿಲ್ಕ್ ಮಾರ್ಕ್ ಲೇಬಲ್ ಇರುವುದನ್ನು ಆರಿಸಿ. ವಿವರಣೆ ಕೊಟ್ಟು ಮಾರಿದ ಸರಕು ಆ ವಿವರಣೆಗೆ ಹೊಂದಬೇಕು ಎನ್ನುವುದು 1930ರ ಸರಕು ಮಾರಾಟ ಕಾಯ್ದೆಯಷ್ಟು ಹಳೆಯ ನಿಯಮ.

## ವಾಪಸು, ಬದಲಾವಣೆ, ರಿಪೇರಿ

‘ಒಮ್ಮೆ ಮಾರಿದ ಸಾಮಾನನ್ನು ವಾಪಸ್ ಪಡೆಯಲಾಗುವುದಿಲ್ಲ’ ಅಂತ ಬಿಲ್ ಕೆಳಗೇ ಅಚ್ಚು ಹಾಕಿದ್ದಾರೆ. ಅಲ್ಲಿಗೆ ಮುಗೀತಾ?

ಮುಗಿಯಲಿಲ್ಲ. ದೋಷವಿರುವ ಸಾಮಾನಿಗೆ ಆ ಸಾಲು ಅನ್ವಯಿಸುವುದಿಲ್ಲ. ಕಾಯ್ದೆಯ 2(47)ನೇ ಕಲಂ ಪ್ರಕಾರ ದೋಷಯುಕ್ತ ಸರಕನ್ನು ವಾಪಸು ಪಡೆದು, ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ಹಣ ಹಿಂದಿರುಗಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಅಚ್ಚು ಹಾಕಿಸಿದ ಅಂಗಡಿಯವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಇದು ಗೊತ್ತಿಲ್ಲ. ಪಕ್ಕದ ಅಂಗಡಿಯ ಬಿಲ್ ಪುಸ್ತಕ ನೋಡಿ ಪ್ರೆಸ್ಸಿನವರು ಹಾಕಿದ ಸಾಲು ಅದು. ಹಾಗಾಗಿ ಮೊದಲು ತಾಳ್ಮೆಯಿಂದ ಹೇಳಿ ನೋಡಿ.

ಅಂಗಡಿ ಲೈಟಲ್ಲಿ ಬಣ್ಣ ಚೆನ್ನಾಗಿತ್ತು, ಮನೆಗೆ ಬಂದ ಮೇಲೆ ಇಷ್ಟ ಆಗ್ಲಿಲ್ಲ. ಆನ್‌ಲೈನಲ್ಲಿ ವಾಪಸ್ ತಗೊಳ್ತಾರಲ್ಲ?

ಇದರಲ್ಲಿ ಕಾನೂನು ನಿಮ್ಮ ಜೊತೆ ಇಲ್ಲ. ಸಾಮಾನು ಸರಿಯಿದ್ದು ಮನಸ್ಸು ಬದಲಾದರೆ, ಮಗನಿಗೆ ಸೈಜು ಆಗದಿದ್ದರೆ, ಅತ್ತೆಯವರಿಗೆ ಹಿಡಿಸದಿದ್ದರೆ, ವಾಪಸು ತೆಗೆದುಕೊಳ್ಳಲೇಬೇಕು ಅನ್ನುವ ನಿಯಮ ಭಾರತದಲ್ಲಿಲ್ಲ. ಆನ್‌ಲೈನ್ ಕಂಪನಿಗಳು ತೆಗೆದುಕೊಳ್ಳುವುದು ಅವರೇ ಬರೆದುಕೊಂಡ ಷರತ್ತಿನಿಂದ. ಅಂಗಡಿಯೂ ‘ಏಳು ದಿನದೊಳಗೆ ಎಕ್ಸ್‌ಚೇಂಜ್’ ಅಂತ ಬೋರ್ಡು ಹಾಕಿದ್ದರೆ ಆ ಮಾತಿಗೆ ಕಟ್ಟುಬಿದ್ದಿದೆ. ಹಾಕದಿದ್ದರೆ ಅದು ಅಂಗಡಿಯವರ ದೊಡ್ಡಮನಸ್ಸು. ಅನುಮಾನವಿದ್ದರೆ ಹಣ ಕೊಡುವ ಮೊದಲೇ “ಬದಲಾಯಿಸಿ ಕೊಡ್ತೀರಾ?” ಅಂತ ಕೇಳಿ, ಒಪ್ಪಿದರೆ ಬಿಲ್ ಹಿಂದೆ ಒಂದು ಸಾಲು ಬರೆಸಿ. ಟ್ಯಾಗ್ ಕೀಳಬೇಡಿ. ಸೀರೆಯ ಸೆರಗನ್ನು ಹಗಲಿನ ಬೆಳಕಿಗೆ ತಂದು ನೋಡಲು ಯಾವ ಅಂಗಡಿಯವರೂ ಬೇಡ ಅನ್ನುವುದಿಲ್ಲ.

ಆಷಾಢ ಸೇಲಲ್ಲಿ ಕೊಂಡಿದ್ದು. ‘ಸೇಲ್ ಐಟಂಗೆ ಗ್ಯಾರಂಟಿ ಇಲ್ಲ’ ಅಂದ್ರು.

ಬೆಲೆ ಇಳಿದರೆ ಹಕ್ಕು ಇಳಿಯುವುದಿಲ್ಲ. ಮೊದಲೇ ತೋರಿಸಿ, ಇಂಥ ಕಡೆ ಕಲೆ ಇದೆ, ಇಲ್ಲಿ ಹರಿದಿದೆ ಎಂದು ಹೇಳಿ ಮಾರಿದ್ದರೆ ಆ ದೋಷದ ಬಗ್ಗೆ ಆಮೇಲೆ ತಕರಾರು ಎತ್ತುವಂತಿಲ್ಲ. ಹೇಳದೆ ಮುಚ್ಚಿಟ್ಟ ದೋಷಕ್ಕೆ ಸೇಲ್ ಅನ್ನುವುದು ನೆಪವಾಗದು.

ಹೊಸ ವಾಷಿಂಗ್ ಮಷೀನ್ ಮೂರನೇ ಸಲ ಕೆಟ್ಟಿದೆ. ಅಂಗಡಿಯವರು ‘ಕಂಪನಿ ಕೇಳಿ’ ಅಂತಾರೆ, ಕಂಪನಿಯವರು ‘ಟೆಕ್ನಿಶಿಯನ್ ಬರ್ತಾನೆ’ ಅಂತಾರೆ.

ಅತಿ ಹೆಚ್ಚು ಬರುವ ಪ್ರಶ್ನೆ ಇದು. ನೀವು ಹಣ ಕೊಟ್ಟದ್ದು ಅಂಗಡಿಗೆ, ವಾರಂಟಿ ಕೊಟ್ಟದ್ದು ಕಂಪನಿ. ಇಬ್ಬರೂ ಹೊಣೆ. ದೂರು ಕೊಡುವಾಗ ಇಬ್ಬರನ್ನೂ ಸೇರಿಸಿ, ಒಬ್ಬರನ್ನು ಬಿಟ್ಟರೆ ಇನ್ನೊಬ್ಬರು ಬಿಟ್ಟವರ ಕಡೆ ಬೆರಳು ತೋರಿಸುತ್ತಾರೆ.

ಟೆಕ್ನಿಶಿಯನ್ ಪ್ರತಿ ಸಲ ಬಂದಾಗಲೂ ಜಾಬ್ ಶೀಟ್ (ದೂರು ಏನು, ಏನು ರಿಪೇರಿ ಆಯಿತು ಎಂದು ಬರೆದ ಚೀಟಿ) ಕೇಳಿ ಪಡೆಯಿರಿ, ಅದರಲ್ಲಿ ನಿಮ್ಮ ದೂರು ನಿಮ್ಮ ಮಾತಿನಲ್ಲೇ ಇರಲಿ. ‘ಜನರಲ್ ಚೆಕಪ್’ ಅಂತ ಬರೆದಿದ್ದರೆ ಸಹಿ ಹಾಕಬೇಡಿ. ಮುಖ್ಯವಾಗಿ ಓಟಿಪಿ: ರಿಪೇರಿ ಮುಗಿಯುವ ಮೊದಲೇ “ಮೇಡಂ, ಒಂದು ಓಟಿಪಿ ಬಂದಿರುತ್ತೆ, ಹೇಳಿ” ಅನ್ನುತ್ತಾರೆ. ಅದನ್ನು ಹೇಳಿದ ಕ್ಷಣ ಕಂಪನಿಯ ದಾಖಲೆಯಲ್ಲಿ ನಿಮ್ಮ ದೂರು ‘ಪರಿಹಾರವಾಗಿದೆ’. ಮಷೀನ್ ಮಾತ್ರ ನೀರು ಸುರಿಸುತ್ತ ಕೂತಿರುತ್ತದೆ. ಬಟ್ಟೆ ಹಾಕಿ ಒಂದು ಸುತ್ತು ಓಡಿಸಿ ನೋಡಿ, ಆಮೇಲೆ ಓಟಿಪಿ.

ಹೊಸದು ಕೊಡಲೇಬೇಕಾ ಎಂದರೆ, ಆಯೋಗ ರಿಪೇರಿ, ಬದಲಾವಣೆ, ಹಣ ವಾಪಸು, ಪರಿಹಾರ ಇವುಗಳಲ್ಲಿ ಯಾವುದನ್ನಾದರೂ ಆದೇಶಿಸಬಹುದು. ಒಂದು ಬಿಡಿಭಾಗ ಹಾಕಿದರೆ ಸರಿಹೋಗುವಂಥದ್ದಕ್ಕೆ ಸಾಮಾನ್ಯವಾಗಿ ಹೊಸದು ಸಿಗುವುದಿಲ್ಲ. ಅದೇ ದೋಷ ಮತ್ತೆ ಮತ್ತೆ ಬಂದದ್ದನ್ನು ಜಾಬ್ ಶೀಟುಗಳು ತೋರಿಸಿದರೆ ತಯಾರಿಕೆಯ ದೋಷ ಎನ್ನುವ ನಿಮ್ಮ ವಾದಕ್ಕೆ ಬಲ ಬರುತ್ತದೆ.

ಅದು ಇಎಂಐನಲ್ಲಿ ಕೊಂಡಿದ್ದು. ಸರಿಮಾಡೋವರೆಗೂ ಕಂತು ಕಟ್ಟಲ್ಲ ಅಂದ್ರೆ?

ಹಾಗೆ ಮಾಡಬೇಡಿ. ಸಾಲ ಬೇರೆ ಕರಾರು. ನಿಲ್ಲಿಸಿದರೆ ದಂಡಬಡ್ಡಿ ಬೆಳೆಯುತ್ತದೆ, ಸಿಬಿಲ್ ಅಂಕ ಕೆಡುತ್ತದೆ, ಅಂಗಡಿಯವರಿಗೆ ಏನೂ ಆಗುವುದಿಲ್ಲ. ಕಟ್ಟುತ್ತಾ ಹೋಗಿ, ಕಟ್ಟಿದ ಬಡ್ಡಿಯನ್ನೂ ಪರಿಹಾರದಲ್ಲಿ ಕೇಳಿ.

ಗೃಹಪ್ರವೇಶಕ್ಕೆ ಉಡುಗೊರೆ ಬಂದ ಮಿಕ್ಸಿ. ನಾನು ಕೊಂಡಿಲ್ಲ, ದೂರು ಕೊಡಬಹುದಾ?

ಕೊಡಬಹುದು. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಕಾಯ್ದೆಯ ಪ್ರಕಾರ ಗ್ರಾಹಕರೇ. ಬಿಲ್ ಕೇಳಲು ಸಂಕೋಚವಾಗುತ್ತದೆ, ನಿಜ. ಕೇಳಿ.

## ದೂರು ಕೊಡುವುದು

ಎಲ್ಲಿಂದ ಶುರು ಮಾಡ್ಲಿ? ಸೀದಾ ಕನ್ಸ್ಯೂಮರ್ ಕೋರ್ಟಿಗೆ ಹೋಗೋದಾ?

ಮೊದಲು ಕಾಗದ. ಬಾಯಲ್ಲಿ ಹತ್ತು ಸಲ ಕೂಗಾಡಿದ್ದಕ್ಕೆ ದಾಖಲೆ ಇಲ್ಲ, ಹತ್ತು ಸಾಲಿನ ಪತ್ರಕ್ಕೆ ಇದೆ. ವಕೀಲರ ಭಾಷೆ ಬೇಕಿಲ್ಲ. ಹೀಗಿದ್ದರೆ ಸಾಕು:

“ತಮ್ಮ ಅಂಗಡಿಯಲ್ಲಿ ದಿನಾಂಕ ____ರಂದು ಬಿಲ್ ಸಂಖ್ಯೆ ____ರಂತೆ ____ ರೂಪಾಯಿ ಕೊಟ್ಟು ಮಿಕ್ಸರ್ ಕೊಂಡಿದ್ದೇನೆ. ಹತ್ತು ದಿನದೊಳಗೆ ಮೋಟಾರ್ ನಿಂತುಹೋಯಿತು. ____ ಮತ್ತು ____ರಂದು ರಿಪೇರಿ ಮಾಡಿದರೂ ದೋಷ ಹಾಗೆಯೇ ಇದೆ. ಜಾಬ್ ಶೀಟುಗಳ ಪ್ರತಿ ಲಗತ್ತಿಸಿದ್ದೇನೆ. ಈ ಪತ್ರ ತಲುಪಿದ 15 ದಿನದೊಳಗೆ ಹೊಸ ಮಿಕ್ಸರ್ ಕೊಡಿ, ಇಲ್ಲವೇ ಹಣ ಹಿಂದಿರುಗಿಸಿ. ತಪ್ಪಿದಲ್ಲಿ ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೋಗುತ್ತೇನೆ; ಅದರ ಖರ್ಚಿಗೂ ತಾವೇ ಹೊಣೆ.”

ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ, ನಕಲು ಕಂಪನಿಗೆ ಇಮೇಲ್ ಮಾಡಿ. ಜೊತೆಗೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತಾಡಬಹುದು. ಅವರು ತೀರ್ಪು ಕೊಡುವವರಲ್ಲ, ದೂರನ್ನು ಕಂಪನಿಗೆ ದಾಟಿಸಿ ಉತ್ತರ ತರಿಸುವವರು. ದೊಡ್ಡ ಕಂಪನಿಗಳ ವಿಷಯದಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಊರಿನ ಸಣ್ಣ ಅಂಗಡಿಗೆ ಪತ್ರವೇ ಹೆಚ್ಚು ತಟ್ಟುತ್ತದೆ.

ಆಯೋಗಕ್ಕೆ ಹೋದ್ರೆ ಲಾಯರ್ ಇಡಬೇಕಾ? ಖರ್ಚೆಷ್ಟು?

ಲಾಯರ್ ಬೇಕೇಬೇಕು ಅಂತಿಲ್ಲ, ನಿಮ್ಮ ದೂರನ್ನು ನೀವೇ ಹೇಳಿಕೊಳ್ಳಬಹುದು. ಕನ್ನಡದಲ್ಲೇ ಬರೆದುಕೊಡಬಹುದು. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ, 5ರಿಂದ 10 ಲಕ್ಷಕ್ಕೆ 200 ರೂಪಾಯಿ. ಫ್ರಿಜ್ಜು, ಫೋನು, ಸೀರೆಯ ದೂರುಗಳೆಲ್ಲ ಹೀಗೆ ಪುಕ್ಕಟೆ. ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, 2 ಕೋಟಿಯವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲೆ ದೆಹಲಿಯ ರಾಷ್ಟ್ರೀಯ ಆಯೋಗ. ಲೆಕ್ಕಕ್ಕೆ ಬರುವುದು ಸಾಮಾನಿಗೆ ಕೊಟ್ಟ ಬೆಲೆ, ನೀವು ಕೇಳುವ ಪರಿಹಾರ ಅಲ್ಲ. ಆನ್‌ಲೈನಿನಲ್ಲಿ ಸಲ್ಲಿಸಲು 2025ರಿಂದ ಇ-ಜಾಗೃತಿ ಪೋರ್ಟಲ್ ಇದೆ.

ಅಪ್ಪನಿಗೆ ಅಂತ ಶಿವಮೊಗ್ಗದ ಅಂಗಡೀಲಿ ಟಿವಿ ಕೊಡಿಸಿದೆ. ನಾನಿರೋದು ಬೆಂಗಳೂರಲ್ಲಿ. ದೂರಿಗೆ ಅಲ್ಲಿಗೇ ಹೋಗ್ಬೇಕಾ?

ಬೇಡ. ಹಳೆಯ ಕಾಯ್ದೆಯಲ್ಲಿ ಎದುರು ಪಕ್ಷದವರ ಊರಿಗೋ ಘಟನೆ ನಡೆದ ಊರಿಗೋ ಹೋಗಬೇಕಿತ್ತು. ಈಗ ದೂರುದಾರರು ವಾಸವಿರುವ ಅಥವಾ ದುಡಿಯುವ ಜಾಗದ ಜಿಲ್ಲಾ ಆಯೋಗದಲ್ಲೂ ದೂರು ಸಲ್ಲಿಸಬಹುದು. ವಿಡಿಯೊ ಮೂಲಕ ವಿಚಾರಣೆ ಬೇಕೆಂದು ಅರ್ಜಿ ಕೊಡಲೂ ಅವಕಾಶವಿದೆ. 2019ರ ಕಾಯ್ದೆ ಮಾಡಿದ ಒಳ್ಳೆಯ ಬದಲಾವಣೆಗಳಲ್ಲಿ ನನ್ನ ಮಟ್ಟಿಗೆ ಇದೇ ಮೊದಲನೆಯದು.

ಎಷ್ಟು ದಿನದೊಳಗೆ ದೂರು ಕೊಡ್ಬೇಕು, ಎಷ್ಟು ದಿನಕ್ಕೆ ತೀರ್ಪು ಬರುತ್ತೆ?

ತಕರಾರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ. ತಡವಾದರೆ ತಕ್ಕ ಕಾರಣ ಬರೆದು ಕೇಳಿಕೊಳ್ಳಬೇಕು. ಎದುರು ಪಕ್ಷಕ್ಕೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15. ಅದಕ್ಕಿಂತ ಮುಂದೆ ಎಳೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಖಚಿತಪಡಿಸಿದೆ. ತೀರ್ಪಿಗೆ ಕಾಯ್ದೆ ಹಾಕಿದ ಗಡುವು ಮೂರು ತಿಂಗಳು, ಲ್ಯಾಬ್ ಪರೀಕ್ಷೆ ಬೇಕಿದ್ದರೆ ಐದು. ವಾಸ್ತವದಲ್ಲಿ ಇದಕ್ಕಿಂತ ಹೆಚ್ಚು ಹಿಡಿಯುವುದೇ ಹೆಚ್ಚು, ಆ ಲೆಕ್ಕ ಇಟ್ಟುಕೊಂಡೇ ಇಳಿಯಿರಿ. ಇಬ್ಬರೂ ಒಪ್ಪಿದರೆ ಆಯೋಗದ ಮಧ್ಯಸ್ಥಿಕೆ ಘಟಕಕ್ಕೆ ಕಳಿಸುತ್ತಾರೆ. ಹಣ ಬೇಗ ಕೈಗೆ ಬರಬೇಕೆಂದರೆ ಅದು ಕೆಟ್ಟ ದಾರಿಯಲ್ಲ.

## ಸ್ವಲ್ಪ ತೊಡಕಿನವು

ಹೊಲಿಗೆ ಯಂತ್ರ ಕೊಂಡಿದ್ದು ದುಡಿಮೆಗೆ. ‘ವ್ಯಾಪಾರಕ್ಕೆ ಕೊಂಡವರು ಗ್ರಾಹಕರಲ್ಲ’ ಅಂತ ಅಂಗಡಿಯವರ ವಕೀಲರು ನೋಟಿಸ್ ಕೊಟ್ಟಿದ್ದಾರೆ.

ಅರ್ಧ ಸತ್ಯ ಹೇಳಿದ್ದಾರೆ. ಮರುಮಾರಾಟಕ್ಕೆ, ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ. ಆದರೆ ಸ್ವಯಂ ಉದ್ಯೋಗದಿಂದ ಹೊಟ್ಟೆಪಾಡಿಗಾಗಿಯೇ ಕೊಂಡು ತಾವೇ ಬಳಸುವವರನ್ನು ಕಾಯ್ದೆ ಹೊರಗಿಟ್ಟಿಲ್ಲ. ಮನೆಯಲ್ಲಿ ಕೂತು ರವಿಕೆ ಹೊಲಿಯುವವರು ಗ್ರಾಹಕರು. ಐವತ್ತು ಯಂತ್ರ, ಐವತ್ತು ಕೆಲಸಗಾರರಿರುವ ಗಾರ್ಮೆಂಟ್ಸ್ ಮಾಲೀಕರು ಅಲ್ಲ. ದೂರಿನಲ್ಲೇ “ಜೀವನೋಪಾಯಕ್ಕಾಗಿ ಸ್ವಂತ ದುಡಿಮೆಗೆ ಕೊಂಡಿದ್ದೇನೆ” ಎಂದು ಬರೆಯುವುದನ್ನು ಮರೆಯಬೇಡಿ.

ಗೋವಿನಜೋಳದ ಬೀಜ ಹುಟ್ಟಲಿಲ್ರೀ. ಅಂಗಡ್ಯಾವ್ರು ಮಳಿ ಮ್ಯಾಲೆ ಹಾಕ್ತಾರ. ರೈತರಿಗೂ ಈ ಕಾಯ್ದೆ ಐತೇನ್ರೀ?

ಐತಿ. ಬೀಜ ಕೊಂಡ ರೈತರು ಗ್ರಾಹಕರೇ, ಬೀಜ ಕಾಯ್ದೆ ಬೇರೆ ಇದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಹೇಳಿದೆ. “ಪರೀಕ್ಷೆಗೆ ಬೀಜ ಉಳಿಸಿಲ್ಲ” ಅನ್ನುವ ಕಂಪನಿಯ ವಾದವನ್ನೂ ಅಲ್ಲಿ ಕೋರ್ಟ್ ಒಪ್ಪಲಿಲ್ಲ, ಕೊಂಡ ಬೀಜವನ್ನೆಲ್ಲ ಬಿತ್ತುವುದೇ ರೈತರ ರೂಢಿ.

ಆದರೂ ನಿಮ್ಮ ಕಡೆಯ ಕೆಲಸ ಬೇಗ ಆಗಬೇಕು. ಹೊಲ ಹರಗಿ ಮರುಬಿತ್ತನೆ ಮಾಡಿದ ಮೇಲೆ ಸಾಕ್ಷ್ಯ ಮಣ್ಣು ಪಾಲು. ಮೊಳಕೆ ಬಾರದ ವಾರದಲ್ಲೇ ರೈತ ಸಂಪರ್ಕ ಕೇಂದ್ರಕ್ಕೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ, ಕೃಷಿ ಅಧಿಕಾರಿಯಿಂದ ಹೊಲ ಪರಿಶೀಲನೆ ಮಾಡಿಸಿ ವರದಿಯ ಪ್ರತಿ ಕೇಳಿ. ಬಿಲ್, ಖಾಲಿ ಚೀಲ, ಚೀಲದ ಬಾಯಿಗೆ ಹೊಲಿದ ಟ್ಯಾಗು (ಲಾಟ್ ನಂಬರ್ ಇರುವುದು ಅದರಲ್ಲೇ) ಮೂರನ್ನೂ ಕೊಯ್ಲಿನವರೆಗೆ ಎತ್ತಿಡಿ. ಅದೇ ಲಾಟಿನ ಬೀಜ ಬಿತ್ತಿದ ಪಕ್ಕದ ಹೊಲದವರಿಗೂ ಹುಟ್ಟಿಲ್ಲವೆಂದರೆ ಒಟ್ಟಿಗೆ ದೂರು ಕೊಡಿ. ಮಳೆಯ ನೆಪ ನಿಲ್ಲುವುದು ಅಲ್ಲಿಂದಲೇ ಕಷ್ಟವಾಗುತ್ತದೆ.

ಕುಕ್ಕರ್ ಸಿಡಿದು ಕೈ ಸುಟ್ಟಿದೆ. ಕುಕ್ಕರ್ ದುಡ್ಡು ಮಾತ್ರ ವಾಪಸ್ ಕೊಡ್ತೀವಿ ಅಂತಾರೆ.

ಅಷ್ಟಕ್ಕೇ ಒಪ್ಪಬೇಡಿ. ದೋಷಯುಕ್ತ ಸರಕಿನಿಂದಾದ ಗಾಯ, ಆಸ್ತಿ ಹಾನಿಗೆ ಪರಿಹಾರ ಕೇಳಲು 2019ರ ಕಾಯ್ದೆಯಲ್ಲಿ ಪ್ರತ್ಯೇಕ ಅಧ್ಯಾಯವೇ ಇದೆ. ತಯಾರಿಕೆಯ ದೋಷ, ವಿನ್ಯಾಸದ ದೋಷ, ಬಳಕೆಯ ಎಚ್ಚರಿಕೆ ಸರಿಯಾಗಿ ಕೊಡದಿರುವುದು ಎಲ್ಲಕ್ಕೂ ತಯಾರಕರು ಹೊಣೆ. ತಯಾರಕರು ಯಾರೆಂದೇ ಗೊತ್ತಾಗದಿದ್ದರೆ, ಅಥವಾ ಅಂಗಡಿಯವರೇ ಸಾಮಾನಿನಲ್ಲಿ ಏನಾದರೂ ಮಾರ್ಪಾಡು ಮಾಡಿ ಅದರಿಂದಲೇ ಹಾನಿಯಾಗಿದ್ದರೆ, ಅಂಗಡಿಯವರೂ ಹೊಣೆ. ಸಿಡಿದ ಕುಕ್ಕರನ್ನು, ಗ್ಯಾಸ್ಕೆಟ್, ವಾಲ್ವ್ ಸಮೇತ, ಯಾರಿಗೂ ಕೊಡಬೇಡಿ. “ತಪಾಸಣೆಗೆ ತಗೊಂಡು ಹೋಗ್ತೀವಿ” ಅಂತ ಕಂಪನಿಯವರು ಬಂದರೂ ಫೋಟೊ ತೆಗೆದುಕೊಳ್ಳಲಿ, ವಸ್ತು ನಿಮ್ಮಲ್ಲೇ ಇರಲಿ. ಆಯೋಗ ಕೇಳಿದಾಗ ಅದು ಮುಚ್ಚಿದ ಮೊಹರಿನಲ್ಲಿ ಲ್ಯಾಬಿಗೆ ಹೋಗಬೇಕು. ಆಸ್ಪತ್ರೆಯ ಚೀಟಿಯಲ್ಲಿ ‘ಕುಕ್ಕರ್ ಸಿಡಿದು’ ಎಂದು ಬರೆಸಿದ್ದರೆ ಒಳ್ಳೆಯದು.

ಆದೇಶ ನಮ್ಮ ಪರ ಬಂತು. ನಾಲ್ಕು ತಿಂಗಳಾಯ್ತು, ಅಂಗಡಿಯವರು ದುಡ್ಡು ಕೊಡ್ತಿಲ್ಲ.

ಅವರು ಮೇಲ್ಮನವಿಗೆ ಹೋಗಿದ್ದಾರೆಯೇ ಎಂದು ಮೊದಲು ವಿಚಾರಿಸಿ. ರಾಜ್ಯ ಆಯೋಗಕ್ಕೆ ಹೋಗಲು 45 ದಿನದ ಅವಕಾಶ, ಹೋಗುವವರು ಆದೇಶದ ಮೊತ್ತದ ಅರ್ಧವನ್ನು ಠೇವಣಿ ಇಡಬೇಕು. ಹೋಗಿಲ್ಲವಾದರೆ ಆದೇಶ ಹೊರಡಿಸಿದ ಆಯೋಗದಲ್ಲೇ ಜಾರಿ ಅರ್ಜಿ ಹಾಕಿ. ಸಿವಿಲ್ ಕೋರ್ಟಿನ ಡಿಕ್ರಿಯಂತೆ ಅದನ್ನು ಜಾರಿ ಮಾಡಿಸುವ ಅಧಿಕಾರ 71ನೇ ಕಲಂನಲ್ಲಿದೆ. 72ನೇ ಕಲಂ ಇನ್ನೂ ಖಾರ: ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ 25 ಸಾವಿರದಿಂದ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಎರಡೂ ಕಲಂಗಳಡಿ ಅರ್ಜಿ ಹಾಕಬಹುದು. ಬಹುತೇಕ ಸಲ 72ರ ಸಮನ್ಸ್ ಅಂಗಡಿ ಬಾಗಿಲಿಗೆ ಬಂದ ವಾರದಲ್ಲೇ ಚೆಕ್ ಬರೆಯುತ್ತಾರೆ. ಆ ಚೆಕ್ ನಗದಾಗುವವರೆಗೆ ಅರ್ಜಿ ವಾಪಸು ತೆಗೆದುಕೊಳ್ಳಬೇಡಿ.